ಮುನಿದ ಮೆಟ್ಟಿಲು

ಜನವರಿ ೯

ಅಪ್ಪನಿಗೆ,

ಈ ಕಾಗದದ ಜೊತೆ ಬಂದಿರುವ ಪೆಟ್ಟಿಗೆಯನ್ನು ಅನುಮಾನದಿಂದ ನೋಡಬೇಡಿ. ಒಳಗಿರುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ಯಂತ್ರ, ಮತ್ತು ಅದರಲ್ಲಿ ನಾನು ನಾಲ್ಕು ವರ್ಷ ಕೂತು ಮಾಡಿದ ಆಟ. ನಾವಿಬ್ಬರೂ ಇರುವುದು ಒಂದೇ ಊರಿನಲ್ಲಿ, ನಿಮ್ಮ ಮನೆಗೂ ನನ್ನ ಕೋಣೆಗೂ ನಡುವೆ ಎರಡು ಬಸ್ಸು. ಆದರೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಎದುರಿಗೆ ಬಂದರೆ ಮೂರನೆಯ ಮಾತಿಗೆ ನೀವು, "ಆಟಿಕೆ ಮಾಡೋಕೆ ನಿನ್ನನ್ನ ಓದಿಸಿದ್ನಾ" ಎನ್ನುತ್ತೀರಿ. ನಾಲ್ಕನೆಯ ಮಾತಿಗೆ ನಾನು ಬಾಗಿಲು ದಾಟಿರುತ್ತೇನೆ. ಎರಡು ವರ್ಷದ ಹಿಂದೆ ಹಾಗೆಯೇ ಆಯಿತಲ್ಲ. ಕಾಗದಕ್ಕೆ ಬಾಗಿಲು ಬಡಿದು ಹೋಗುವ ಚಟವಿಲ್ಲ.

ನಿಮ್ಮಿಂದ ನನಗೆ ಒಂದು ಕೆಲಸವಾಗಬೇಕು. ಈ ಆಟವನ್ನು ಪರೀಕ್ಷಿಸಿ ವರದಿ ಬರೆದುಕೊಡಬೇಕು. ಕಾರ್ಖಾನೆಗಳ ಸುರಕ್ಷತೆಯ ಪರೀಕ್ಷಕರಾಗಿ ನೀವು ಈ ಊರಿನ ಅರ್ಧದಷ್ಟು ಏಣಿ, ಅಟ್ಟಣಿಗೆ, ಕಬ್ಬಿಣದ ಮೆಟ್ಟಿಲುಗಳನ್ನು ಸುತ್ತಿಗೆಯಿಂದ ಬಡಿದು ನೋಡಿದವರು. ದೋಷ ಮೊದಲು, ಗುಣ ಆಮೇಲೆ. ಅದು ನಿಮ್ಮ ಕ್ರಮ. ಅದೇ ಕ್ರಮದಲ್ಲಿ ಬರೆಯಿರಿ. ದಾಕ್ಷಿಣ್ಯ ಬೇಡ.

ಆಟ ಹೀಗಿದೆ. ಒಂದು ಎತ್ತರದ ಮನೆ. ಅದರ ಮೆಟ್ಟಿಲು ಮುನಿಸಿಕೊಂಡು ಮನೆ ಬಿಟ್ಟು ಹೋಗಿದೆ. ಒಬ್ಬ ಹುಡುಗಿ ಕೆಳಗಿನ ಕೋಣೆಯಿಂದ ಮಾಳಿಗೆಗೆ ಹೋಗಬೇಕು. ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಗಡಿಯಾರಕ್ಕೆ, ಗಡಿಯಾರದಿಂದ ನೆರಳಿಗೆ ಹಾರುತ್ತಾ ಹೋಗಬೇಕು. ಹೌದು, ಆ ಮನೆಯಲ್ಲಿ ನೆರಳಿನ ಮೇಲೂ ಕಾಲಿಡಬಹುದು. ಅವಳು ಬಿದ್ದರೆ ಸಾಯುವುದಿಲ್ಲ. ಬಿದ್ದ ಜಾಗದಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ.

ಇದನ್ನು ಹೊರತರಲು ಹಣ ಹಾಕುವವರು ನಾನು ಕೆಲಸ ಮಾಡುವ ಕಡೆಯ ಯಜಮಾನರು. ಕೊನೆಯ ಕೋಣೆಯಲ್ಲಿ ಒಂದು ಏಣಿ ಇಡು ಎಂದು ಅವರು, ಇಡುವುದಿಲ್ಲ ಎಂದು ನಾನು. ಏಕೆಂದು ಈಗ ಹೇಳಿದರೆ ಪರೀಕ್ಷೆ ಕೆಡುತ್ತದೆ. ಏಣಿ ಇಲ್ಲದಿದ್ದರೆ ಆಟ ಹೊರಬರುವುದಿಲ್ಲವೆಂದು ಅವರು ಕಡ್ಡಿ ಮುರಿದಂತೆ ಹೇಳಿದ್ದಾರೆ. ವಾದ ಮಾಡಿ ಮಾಡಿ ಇಬ್ಬರಿಗೂ ಗಂಟಲು ಒಣಗಿದ ಮೇಲೆ, ನಿನ್ನ ಪಕ್ಷದವರಲ್ಲದ ಯಾರಾದರೂ ಒಬ್ಬರು ಆಡಿ ನೋಡಿ ಬರೆಯಲಿ, ಓದಿ ಆಮೇಲೆ ತೀರ್ಮಾನಿಸುತ್ತೇನೆ ಎಂದರು.

ನನ್ನ ಪಕ್ಷದವರಲ್ಲದ ಒಬ್ಬರನ್ನು ಹುಡುಕಲು ನನಗೆ ಕಷ್ಟವಾಗಲಿಲ್ಲ.

ಅತ್ತೆಗೆ ನನ್ನ ನೆನಪು ತಿಳಿಸಿ.

ನಿಮ್ಮ ಮಗಳು


ಜನವರಿ ೨೮

ಮಗಳಿಗೆ,

ಪೆಟ್ಟಿಗೆ ತಲುಪಿತು. ತಲುಪಿದ್ದನ್ನು ಕಪಾಟಿನ ಮೇಲೆ ಇಟ್ಟು ಸುಮ್ಮನಾಗಿದ್ದೆ. ನಿನ್ನ ಅತ್ತೆ ಪ್ರತಿದಿನ ಅದರ ಧೂಳು ಒರೆಸುತ್ತಿದ್ದಳು, ಒರೆಸುವಾಗ ನನಗೆ ಕೇಳಿಸುವಂತೆ ನಿಟ್ಟುಸಿರು ಬಿಡುತ್ತಿದ್ದಳು. ಕೊನೆಗೆ ಅವಳೇ ಬಿಚ್ಚಿದಳು. ನನ್ನ ಅಕ್ಕ ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಯಂತ್ರ ಕಂಡು ಹಿಂಜರಿಯುವವಳಲ್ಲ. "ಲೋ, ಮಗು ಕಳಿಸಿರೋದು ಬಾಂಬಲ್ಲ, ಬಂದು ಕೂತ್ಕೋ" ಎಂದಳು. ಕೂತೆ.

ನಾನು ನಿನ್ನ ಪಕ್ಷದವನಲ್ಲವೆಂದು ಬರೆದಿದ್ದೀಯೆ. ಪರೀಕ್ಷಕನಾದವನಿಗೆ ಅದು ಯೋಗ್ಯತೆಯೇ ಹೊರತು ನಿಂದೆಯಲ್ಲ. ಆದ್ದರಿಂದ ಒಪ್ಪಿಕೊಂಡಿದ್ದೇನೆ. ವರದಿಗೆ ಸಮಯ ಬೇಕು. ಕಟ್ಟಡವನ್ನು ಅರ್ಧ ನೋಡಿ ಪೂರ್ತಿ ಬರೆಯುವುದು ನನ್ನ ಪದ್ಧತಿಯಲ್ಲ. ಸದ್ಯಕ್ಕೆ ಕಣ್ಣಿಗೆ ಹೊಡೆದಂತೆ ಕಂಡದ್ದು ಇಷ್ಟು: ಇಡೀ ಮನೆಯಲ್ಲಿ ಎಲ್ಲಿಯೂ ಹಿಡಿದು ಹತ್ತಲು ಕಂಬಿಯ ಕೈಹಿಡಿ ಇಲ್ಲ. ಅಷ್ಟು ಎತ್ತರದ ಕಪಾಟನ್ನು ಗೋಡೆಗೆ ಬಿಗಿದಿಲ್ಲ. ಕುದಿಯುವ ಕೆಟಲಿನ ಆವಿಯ ಮೇಲೆ ಮಗುವೊಂದು ನಿಂತು ಮೇಲಕ್ಕೆ ಹೋಗುತ್ತದೆ. ಇದನ್ನು ಯೋಚಿಸಿದವರು ಯಾರು ಎಂದು ಕೇಳುವುದಿಲ್ಲ, ನನಗೆ ಗೊತ್ತಿದೆ.

ಹುಡುಗಿಯ ಕೈಯಲ್ಲಿ ಒಂದು ಚಪ್ಪಲಿ ಇದೆ. ಎಸೆದರೆ ತಿರುಗಿ ಕೈಗೆ ಬರುತ್ತದೆ. ಜಿರಳೆಗಳನ್ನು ಓಡಿಸಲು ಎಂದು ಸೂಚನೆಯಲ್ಲಿ ಬರೆದಿದೆ. ನಾನು ಅದನ್ನು ಸುತ್ತಿಗೆಯಂತೆ ಬಳಸುತ್ತಿದ್ದೇನೆ. ಮುಂದಿನ ಹಲಗೆಯ ಮೇಲೆ ಮೊದಲು ಚಪ್ಪಲಿ ಬೀಳಬೇಕು. ಹಲಗೆ ಅಲುಗಲಿಲ್ಲ, ಸದ್ದು ಗಟ್ಟಿಯಾಗಿದೆ ಎಂದಾದರೆ ಆಮೇಲೆ ಕಾಲು. ನಿಧಾನ ನಿಜ. ಅಕ್ಕ ನನ್ನ ಪಕ್ಕದಲ್ಲಿ ಕೂತು, "ಇನ್ನು ಈ ಹುಡುಗಿ ಮುದುಕಿಯಾಗಿ ಮಾಳಿಗೆ ಸೇರ್ತಾಳೆ" ಎಂದು ಹಂಗಿಸುತ್ತಾಳೆ. ಹಂಗಿಸಲಿ. ಎರಡನೆಯ ಅಂತಸ್ತಿಗೆ ಬಂದಿದ್ದೇನೆ, ಒಮ್ಮೆಯೂ ಬಿದ್ದಿಲ್ಲ. ನನ್ನ ಪರೀಕ್ಷೆಯಲ್ಲಿ ಯಾರೂ ಬಿದ್ದಿಲ್ಲ. ಇವಳೂ ಬೀಳುವುದಿಲ್ಲ.

ನಿನ್ನ ತಂದೆ


ಫೆಬ್ರವರಿ ೧೧

ಅಪ್ಪನಿಗೆ,

ನಿಮ್ಮ ಕಾಗದವನ್ನು ಕೆಲಸದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಚಪ್ಪಲಿಯ ವಿಷಯ ಬಂದಾಗ ನಮ್ಮ ಚಿತ್ರಗಾರ್ತಿ ಕುಂಚವನ್ನು ಚಹಾದ ಲೋಟದಲ್ಲಿ ಅದ್ದಿಬಿಟ್ಟಳು. ಈ ಆಟವನ್ನು ಇದುವರೆಗೆ ಎಷ್ಟೋ ಜನ ಆಡಿದ್ದಾರೆ. ಚಪ್ಪಲಿಯಿಂದ ನೆಲ ಬಡಿದು ನೋಡಿದವರು ನೀವೊಬ್ಬರೇ. ಸದ್ದು ಕೂಡಿಸುವವನಿಗೆ ನಾವು ಪಿಸುಮಾತು ಎಂದು ಹೆಸರಿಟ್ಟಿದ್ದೇವೆ, ಅಷ್ಟು ಮೆಲ್ಲಗೆ ಮಾತಾಡುತ್ತಾನೆ. ಗಟ್ಟಿ ಹಲಗೆಗೆ ಒಂದು ಸದ್ದು, ಟೊಳ್ಳು ಹಲಗೆಗೆ ಇನ್ನೊಂದು ಎಂದು ಬೇರೆ ಬೇರೆ ಹಿಡಿದು ತಂದವನು ಅವನು. ಯಾರೂ ಗಮನಿಸಲಿಲ್ಲವೆಂಬ ಕೊರಗು ಅವನಿಗೆ ಇತ್ತು. "ಕೊನೆಗೂ ಒಂದು ಕಿವಿ ಸಿಕ್ತು" ಎಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ.

ಆದರೂ ಅಪ್ಪ, ಬರೆದದ್ದೆಲ್ಲ ದೋಷ. ಗುಣ ಆಮೇಲೆ ಬರುತ್ತದೆಂದು ಕಾಯುತ್ತೇನೆ. ಬರದಿದ್ದರೂ ಏಣಿ ಇಡುವುದಿಲ್ಲ, ಅದು ತಿಳಿದಿರಲಿ. ನಿಮ್ಮ ವರದಿಯಿಂದ ಆಟ ಉಳಿಯಬಹುದು ಅಥವಾ ಮುಳುಗಬಹುದು, ನಾನು ಬದಲಾಗುವುದಿಲ್ಲ.

ನಿಮ್ಮ ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಉತ್ತರ: ನಮ್ಮ ಕೆಲಸದ ಕೋಣೆ ಹಾಸಿಗೆ ಹೊದಿಕೆಗಳ ಅಂಗಡಿಯ ಮೇಲಿದೆ, ಲಿಫ್ಟು ಇಲ್ಲ. ದಿನವೂ ಹತ್ತುತ್ತೇನೆ, ಇಳಿಯುತ್ತೇನೆ. ಮೋಡ ಕಟ್ಟಿದ ದಿನ ಕಾಲು ಸ್ವಲ್ಪ ನೋಯುತ್ತದೆ.

ನಿಮ್ಮ ಮಗಳು


ಮಾರ್ಚ್ ೨

ಮಗಳಿಗೆ,

ಪರೀಕ್ಷೆ ಮುಗಿಯಿತು. ಮುಗಿಯಿತು ಎನ್ನುವುದಕ್ಕಿಂತ ನಡುವೆ ನಿಂತಿತು ಎನ್ನಬೇಕು. ವರದಿಯನ್ನು ಇಲ್ಲಿಯೇ ಬರೆಯುತ್ತೇನೆ. ಯಜಮಾನರಿಗೆ ಕೊಡುವಾಗ ಈ ಹಾಳೆಯನ್ನು ಮಾತ್ರ ಕೊಡು, ಮುಂದಿನ ಹಾಳೆ ನಿನಗೆ.

ದೋಷಗಳು. ಹುಡುಗಿ ಕೆಳಕ್ಕೆ ಹಾರಿದಾಗ ತೆರೆಯ ನೋಟ ಅವಳಿಗಿಂತ ನಿಧಾನವಾಗಿ ಇಳಿಯುತ್ತದೆ. ಕಾಲಿಡುವ ಜಾಗ ಕಾಣುವ ಮೊದಲೇ ಕಾಲಿಟ್ಟಾಗಿರುತ್ತದೆ. ಇದು ಧೈರ್ಯದ ಪರೀಕ್ಷೆಯಲ್ಲ, ಕಿಟಕಿಯ ಪರದೆ ಎಳೆದು ನಡೆ ಎಂದಂತೆ. ಉಗ್ರಾಣದ ಅಂತಸ್ತು ಅಗತ್ಯಕ್ಕಿಂತ ಉದ್ದವಾಗಿದೆ. ಒಂದೇ ಬಗೆಯ ಡಬ್ಬಗಳನ್ನು ಹತ್ತಿ ಇಳಿದು ತಾಳ್ಮೆಯವನಾದ ನಾನೂ ಆಕಳಿಸಿದೆ. ಬೆಕ್ಕಿನ ಕೋಣೆಯಲ್ಲಿ, ನಾವು ನೋಡದಿದ್ದಾಗ ಮಾತ್ರ ಬೆಕ್ಕು ಮೈಚಾಚಿ ಸೇತುವೆಯಾಗುತ್ತದೆ ಎಂಬ ಕಲ್ಪನೆ ಸೊಗಸಾಗಿದೆ. ಆದರೆ ಅದು ಯಾವಾಗ ಮೈ ಮುದುಡುತ್ತದೆ ಎಂಬುದಕ್ಕೆ ಸೂಚನೆಯಿಲ್ಲ. ಸೂಚನೆಯಿಲ್ಲದ ಕಡೆ ಜಾಣ್ಮೆಗೆ ಕೆಲಸವಿಲ್ಲ, ಅದೃಷ್ಟಕ್ಕೆ ಮಾತ್ರ. ಅಕ್ಷರಗಳು ಇರುವೆಯ ಗಾತ್ರ. ನನಗೂ ಅಕ್ಕನಿಗೂ ಒಂದೇ ಕನ್ನಡಕವಾಗಿ ಜಗಳವಾಯಿತು. ಕೈಹಿಡಿಯ ವಿಷಯ ಹಿಂದೆಯೇ ಬರೆದಿದ್ದೇನೆ.

ಗುಣಗಳು. ಸಂಜೆಯ ಕೋಣೆ. ದೀಪವನ್ನು ಸರಿಸಿದಂತೆ ಕುರ್ಚಿಯ ನೆರಳು ಗೋಡೆಯ ಮೇಲೆ ಉದ್ದವಾಗಿ, ಆ ನೆರಳೇ ಹಲಗೆಯಾಗುತ್ತದೆ. ಅದರ ಮೇಲೆ ಮೊದಲ ಬಾರಿ ಕಾಲಿಟ್ಟಾಗ ನಾನು ಉಸಿರು ಬಿಗಿಹಿಡಿದಿದ್ದೆನೆಂದು ಅಕ್ಕ ಹೇಳುತ್ತಾಳೆ. ಅಲ್ಲಗಳೆಯುವುದಿಲ್ಲ. ನಿದ್ದೆಹೋದ ಮೇಜಿನ ಖಾನೆಗಳು ಗೊರಕೆಯ ಜೊತೆ ಹೊರಬಂದು ಒಳಹೋಗುವ ಲಯ ಎಲ್ಲಿಯೂ ತಪ್ಪುವುದಿಲ್ಲ. ಕಣ್ಣು ಮುಚ್ಚಿಯೂ ದಾಟಬಹುದು. ಪಿಸುಮಾತಿನವರಿಗೆ ನನ್ನ ಮೆಚ್ಚುಗೆ ಸಲ್ಲಲಿ. ಎಲ್ಲಕ್ಕಿಂತ ದೊಡ್ಡ ಗುಣ, ಹುಡುಗಿಗೆ ತೂಕವಿದೆ. ಅವಳು ನಿಂತ ಹಲಗೆ ತುಸು ಬಾಗುತ್ತದೆ. ಬಾಗದ ಹಲಗೆಯನ್ನು ನಾನು ಎಂದೂ ನಂಬಿದವನಲ್ಲ. ಇದನ್ನು ಮಾಡಿದವರು ಎತ್ತರವೆಂದರೆ ಏನೆಂದು ಬಲ್ಲವರು.

ಕೊನೆಯ ಕೋಣೆ. ಅದು ಬಾವಿಯಂತಿದೆ. ನಾಲ್ಕು ನುಣುಪು ಗೋಡೆ, ಮೇಲೆ ಬೆಳಕಿನ ಒಂದು ಚೌಕ, ಹತ್ತಲು ಏನೂ ಇಲ್ಲ. ಗೋಡೆಗೆ ಚಪ್ಪಲಿ ಎಸೆದು ಎಸೆದು ನನ್ನ ಹೆಬ್ಬೆರಳು ಊದಿತು. ಅಕ್ಕ ಸೂಚನೆಯ ಹಾಳೆಯನ್ನು ಪೂರ್ತಿ ಓದಿ ಕಾರಣ ಹೇಳಿದಳು: ಕೆಳಗಿನ ಅಂತಸ್ತುಗಳಲ್ಲಿ ಬಿದ್ದಾಗ ಹುಟ್ಟಿದ ಮೆಟ್ಟಿಲುಗಳೆಲ್ಲ ಈ ಕೋಣೆಗೆ ಬಂದು ಸಾಲಾಗಿ ನಿಲ್ಲುತ್ತವೆ. ಬಿದ್ದವರಿಗೆ ದಾರಿ ಇದೆ. ನಾನು ಒಮ್ಮೆಯೂ ಬಿದ್ದಿಲ್ಲ. ಆದ್ದರಿಂದ ನನಗೆ ಒಂದು ಮೆಟ್ಟಿಲೂ ಇಲ್ಲ.

ಇದನ್ನು ದೋಷವೆನ್ನುವುದಿಲ್ಲ, ಅನ್ಯಾಯವೆನ್ನುತ್ತೇನೆ. ಎಚ್ಚರದಿಂದ ನಡೆದವನನ್ನು ಬಾಗಿಲ ಹೊರಗೆ ನಿಲ್ಲಿಸುವ ಮನೆ ಮನೆಯಲ್ಲ. ಈ ಕೋಣೆಯಲ್ಲಿ ಏಣಿ ಇಡತಕ್ಕದ್ದು. ನಿಮ್ಮ ಯಜಮಾನರ ಅಭಿಪ್ರಾಯ ಸರಿ.

ವರದಿ ಮುಗಿಯಿತು. ಇದು ನಿನಗೆ.

ಆ ಹುಡುಗಿ ಪ್ರತಿ ಸಲವೂ ಎಡಗಾಲನ್ನೇ ಮೇಲಿಡುತ್ತಾಳೆ, ಬಲಗಾಲನ್ನು ಆಮೇಲೆ ಎಳೆದುಕೊಳ್ಳುತ್ತಾಳೆ. ಕೆಳಗಿನ ಕೋಣೆಯ ಕಿಟಕಿಯ ಗಾಜಿನ ಬಿರುಕು ನಮ್ಮ ಕಿಟಕಿಯ ಬಿರುಕು. ಆ ಮನೆಯ ಮೆಟ್ಟಿಲು ಮುನಿಸಿಕೊಂಡು ಹೋಗಲಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಒಂಬತ್ತು ವರ್ಷದವಳಿದ್ದಾಗ ನೀನು ಮಾಳಿಗೆಗೆ ಹೋಗುವ ಹಿತ್ತಿಲಿನ ಮೆಟ್ಟಿಲಿನಿಂದ ಬಿದ್ದೆ. ನಿನ್ನ ಕಾಲಿಗೆ ಪಟ್ಟಿ ಕಟ್ಟಿದ ವಾರವೇ ಆ ಮೆಟ್ಟಿಲನ್ನು ಒಡೆಸಿದೆ. ನಾಲ್ಕು ವರ್ಷ ಕೂತು ನೀನು ಮಾಡಿದ್ದು ಆ ಮೊಕದ್ದಮೆಯೇ ಆದರೆ, ನನ್ನ ಉತ್ತರ ಕೇಳು. ಒಡೆಸಿದ್ದು ಸರಿ. ಇವತ್ತು ಅದು ಅಲ್ಲಿ ಇದ್ದರೆ ಇವತ್ತೂ ಒಡೆಸುತ್ತೇನೆ.

ನಿನ್ನ ತಂದೆ


ಮಾರ್ಚ್ ೯

ಅಪ್ಪನಿಗೆ,

ವರದಿಯ ಹಾಳೆಯನ್ನು ಒಂದಕ್ಷರ ಬಿಡದೆ ಯಜಮಾನರಿಗೆ ಕೊಟ್ಟೆ. ಏಣಿಯ ಸಾಲನ್ನು ಅವರು ಎರಡು ಬಾರಿ ಗಟ್ಟಿಯಾಗಿ ಓದಿದರು. "ನೋಡಮ್ಮ, ನಿಮ್ಮವರೇ ಹೇಳಿಬಿಟ್ರು" ಎಂದರು. ನಮ್ಮವರಲ್ಲವೆಂದೇ ಅಲ್ಲವೇ ಅವರಿಂದ ಬರೆಸಿದ್ದು ಎಂದೆ. ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಏಣಿ ಇಟ್ಟ ಆಟ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ನಮ್ಮ ದಾರಿ ನಮಗೆ, ಅವರ ದಾರಿ ಅವರಿಗೆ.

ನೋಟ ಈಗ ಹುಡುಗಿಗಿಂತ ಮೊದಲೇ ಕೆಳಗಿಳಿಯುತ್ತದೆ. ಉಗ್ರಾಣವನ್ನು ಅರ್ಧ ಕತ್ತರಿಸಿದೆ. ಬೆಕ್ಕು ಮೈ ಮುದುಡುವ ಮೊದಲು ಬಾಲದ ತುದಿ ಅಲುಗಿಸುತ್ತದೆ. ಅಕ್ಷರಗಳು ದೊಡ್ಡವಾಗಿವೆ; ಇನ್ನು ನಿಮ್ಮಿಬ್ಬರಿಗೂ ಕನ್ನಡಕದ ಜಗಳವಿಲ್ಲ. ಇವೆಲ್ಲ ದೋಷಗಳೇ, ನೀವು ಹೇಳಿದಿರಿ, ತಿದ್ದಿದೆ. ಕೈಹಿಡಿ ಹಾಕಲಿಲ್ಲ. ಕೊನೆಯ ಕೋಣೆಯನ್ನು ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ.

ಎರಡನೆಯ ಹಾಳೆಗೆ ಉತ್ತರ. ನೀವು ಅದನ್ನು ಮೊಕದ್ದಮೆ ಎಂದಿರಿ. ಮೊಕದ್ದಮೆ ಹಾಕುವವಳಾಗಿದ್ದರೆ ಮೆಟ್ಟಿಲನ್ನು ಯಾರು ಒಡೆಸಿದರೆಂದು ಆಟದ ಮೊದಲ ತೆರೆಯಲ್ಲೇ ಬರೆಯುತ್ತಿದ್ದೆ. ಅದು ತಾನಾಗಿ ಮುನಿದು ಹೋಯಿತೆಂದು ಬರೆದದ್ದು ನಿಮ್ಮ ಮರ್ಯಾದೆಗೆ.

ನಾನು ಮಾಳಿಗೆಗೆ ಏಕೆ ಹೋಗುತ್ತಿದ್ದೆ ಎಂದು ನೀವು ಒಂದು ದಿನವೂ ಕೇಳಲಿಲ್ಲ. ಅಲ್ಲಿಂದ ಬೀದಿಯ ಮಾಳಿಗೆಗಳೆಲ್ಲ ಒಂದಕ್ಕಿಂತ ಒಂದು ತುಸು ಎತ್ತರವಾಗಿ ಕಾಣುತ್ತಿದ್ದವು. ಒಂದರಿಂದ ಒಂದಕ್ಕೆ ಹಾರಿಕೊಂಡು ಹೋದರೆ ಊರಿನ ಆಚೆಗೆ ತಲುಪಬಹುದೆಂದು ಲೆಕ್ಕ ಹಾಕುತ್ತಿದ್ದೆ. ಯಾವ ಮನೆಯ ಹೊಗೆಕೊಳವೆಯನ್ನು ಹಿಡಿಯಬೇಕು, ಯಾರ ಒಗೆದ ಬಟ್ಟೆಯ ಹಗ್ಗದಿಂದ ಜೀಕಬೇಕು, ಎಲ್ಲಿ ನಾಯಿ ಇದೆ, ಎಲ್ಲವೂ ತಲೆಯಲ್ಲಿತ್ತು. ಬಿದ್ದ ದಿನವೂ ಅದನ್ನೇ ನೋಡಿಕೊಂಡು ಇಳಿಯುತ್ತಿದ್ದೆ. ಆಮೇಲೆ ಹಾಸಿಗೆಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ, ಮಗುವಿಗೆ ಹೊತ್ತು ಹೋಗಲೆಂದು ನೀವು ಕಚೇರಿಯಿಂದ ಒಂದು ಬದಿ ಬರೆದ ಹಾಳೆಗಳನ್ನು ತಂದುಕೊಡುತ್ತಿದ್ದಿರಿ. ಅವುಗಳ ಬೆನ್ನಿಗೆ ನಾನು ಬಿಡಿಸಿದ್ದೆಲ್ಲ ಆ ಮಾಳಿಗೆಗಳು. ಈ ಆಟ ಅಲ್ಲಿ ಹುಟ್ಟಿತು. ಬೀಳದೆ ಇದ್ದಿದ್ದರೆ ಹುಟ್ಟುತ್ತಿರಲಿಲ್ಲ.

ಬಿದ್ದವಳು ನಾನು, ಅಪ್ಪ. ಆ ಪೆಟ್ಟು ನನ್ನದು. ನೀವು ಅದನ್ನು ನಿಮ್ಮ ಕೆಲಸಕ್ಕೆ ಬಿದ್ದ ಮಸಿಯೆಂದು ತಿಳಿದು, ನನ್ನ ಕೈಯಿಂದ ಕಿತ್ತುಕೊಂಡು, ಮೆಟ್ಟಿಲಿಗೆ ಶಿಕ್ಷೆ ಕೊಟ್ಟಿರಿ. ಈಗ ಯಜಮಾನರು ಏಣಿಯ ಹೆಸರಿನಲ್ಲಿ ಅದನ್ನೇ ಕಿತ್ತುಕೊಳ್ಳಲು ಬಂದಿದ್ದಾರೆ. ಆಗ ಒಂಬತ್ತು ವರ್ಷ, ಸುಮ್ಮನಿದ್ದೆ. ಈಗ ಕೊಡುವುದಿಲ್ಲ.

ನೀವು ಕೆಳಗಿಳಿದು ಒಮ್ಮೆ ಬಿದ್ದು ಬನ್ನಿ ಎಂದು ನಾನು ಕೇಳುವುದಿಲ್ಲ. ನೀವು ಬೀಳುವವರಲ್ಲ. ಯಂತ್ರವನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದರೂ ಸರಿ.

ಮಗಳು


ಏಪ್ರಿಲ್ ೧೭

ಮಗೂ,

ಕಾಗದ ಬರೆಯುವುದು ನಿಮ್ಮಪ್ಪನಿಗೂ ನಿನಗೂ ಸರಿ; ನನ್ನದು ಎರಡು ಸಾಲು.

ನಿನ್ನ ಕಾಗದ ಓದಿದವನು ಯಂತ್ರವನ್ನು ಮತ್ತೆ ಕಪಾಟಿನ ಮೇಲೆ ಏರಿಸಿದ. ನಾನು ಇಳಿಸಿದೆ. ಅವನು ಆಡದಿದ್ದರೆ ನಾನು ಆಡುತ್ತೇನೆಂದು ಕೂತೆ. ಅಯ್ಯೋ ಎಷ್ಟು ಬಿದ್ದೆನೆಂದು ಕೇಳಬೇಡ. ಕೆಟಲಿನಿಂದ ಬಿದ್ದೆ, ಕಪಾಟಿನಿಂದ ಬಿದ್ದೆ, ಬೆಕ್ಕಿನ ಮೇಲೆಯೇ ಬಿದ್ದೆ. ಅದು ನನ್ನನ್ನು ನೋಡಿದ ನೋಟ ನಮ್ಮ ಹಳೆಯ ಆಸ್ಪತ್ರೆಯ ಹಿರಿಯ ವೈದ್ಯರ ನೋಟದಂತೆಯೇ ಇತ್ತು. ಕೊನೆಯ ಕೋಣೆಗೆ ಹೋದರೆ ನನ್ನ ಮೆಟ್ಟಿಲುಗಳು ಮದುವೆಮನೆಯ ಬೀಗರ ಹಾಗೆ ತುಂಬಿ ನಿಂತಿದ್ದವು. ಕೈಬೀಸಿಕೊಂಡು ಹತ್ತಿಬಿಟ್ಟೆ. ಮಾಳಿಗೆ ನೋಡಿದೆ. ಒಳ್ಳೇ ಕೆಲಸ ಮಾಡಿದ್ದೀಯೆ, ನನ್ನ ಕಂದ.

ನಿಮ್ಮಪ್ಪನನ್ನು ಕೂಗಿದೆ, ಬಂದು ನೋಡೋ ಎಂದೆ. ಗೋಡೆಯ ಕಡೆ ಮುಖ ಮಾಡಿ ಕೂತ. "ನಾನು ಹತ್ತದ ಮಾಳಿಗೆ ನಾನ್ಯಾಕೆ ನೋಡಲಿ" ಎಂದ. ಅವನ ಸೊಕ್ಕು ನಿನಗೆ ಬಂದಿದೆಯೋ, ನಿನ್ನದು ಅವನಿಗೆ ಹಿಂದಿರುಗಿ ಹೋಗಿದೆಯೋ, ನಿನ್ನಮ್ಮ ಹೋದ ಮೇಲೆ ನಿಮ್ಮಿಬ್ಬರನ್ನೂ ಸಾಕಿದ ನನಗೇ ತಿಳಿಯದು.

ಈಚೆಗೆ ನಾನು ಮಧ್ಯಾಹ್ನ ಮಲಗಿದಾಗ ಪಕ್ಕದ ಕೋಣೆಯಿಂದ ಚಪ್ಪಲಿ ಎಸೆಯುವ ಸದ್ದು ಬರುತ್ತಿದ್ದುದು ನಿಂತಿದೆ. ಬೇರೆ ಸದ್ದು ಬರುತ್ತಿದೆ. ನಾನು ಕೇಳಿಸಿಕೊಂಡಿಲ್ಲವೆಂದು ಅವನು ತಿಳಿದಿದ್ದಾನೆ.

ಇದನ್ನು ನಾನು ಬರೆದೆನೆಂದು ಅವನಿಗೆ ಹೇಳಬೇಡ.

ಅತ್ತೆ


ಮೇ ೨೦

ಮಗಳಿಗೆ,

ಇದು ಪೂರಕ ವರದಿ. ಹಿಂದಿನದರಲ್ಲಿ ಬರೆದ ದೋಷಗಳಲ್ಲಿ ಒಂದನ್ನೂ ಹಿಂದಕ್ಕೆ ಪಡೆಯುವುದಿಲ್ಲ. ತಿದ್ದಿದ್ದೇನೆಂದು ಬರೆದಿದ್ದೀಯೆ, ತಿದ್ದಿದ್ದನ್ನು ನೋಡಿದ ಮೇಲೆ ಒಪ್ಪುತ್ತೇನೆ.

ಕೊನೆಯ ಕೋಣೆಯ ಬಗ್ಗೆ ಬರೆದದ್ದು ಅಪೂರ್ಣ ಪರೀಕ್ಷೆಯ ಮೇಲೆ ಬರೆದದ್ದು. ಮಾಳಿಗೆಯನ್ನು ನೋಡದೆ ಕಟ್ಟಡದ ವರದಿಗೆ ಸಹಿ ಹಾಕುವುದು ನನ್ನ ಪದ್ಧತಿಯಲ್ಲ. ಆದ್ದರಿಂದ ಮತ್ತೆ ಕೆಳಗಿನಿಂದ ಆರಂಭಿಸಿದೆ. ಬೇಕೆಂದೇ ಬೀಳಲು ಯತ್ನಿಸಿದೆ. ಹೆಬ್ಬೆರಳು ಒಪ್ಪಲಿಲ್ಲ. ಅಂಚಿಗೆ ಬಂದಾಗಲೆಲ್ಲ ಅದು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಜೀವನಪರ್ಯಂತ ಕಲಿಸಿದ್ದನ್ನು ಅದು ಮರೆಯಲೊಲ್ಲದು. ಕೊನೆಗೆ ಚಪ್ಪಲಿಯನ್ನು ಕೆಳಗಿನ ಕೋಣೆಯಲ್ಲಿಯೇ ಬಿಟ್ಟು ಹೊರಟೆ. ಬಡಿದು ನೋಡದೆ ಹಾರಿದೆ. ಗಡಿಯಾರದ ಲೋಲಕದಿಂದ ಬಿದ್ದೆ.

ಹುಡುಗಿ ಕೂಗಲಿಲ್ಲ. ಎದ್ದು, ಲಂಗದ ಧೂಳು ಕೊಡವಿ, ತಲೆಯೆತ್ತಿ ಮೇಲೆ ನೋಡಿದಳು. ಅವಳ ಪಕ್ಕದಲ್ಲಿ ನೆಲದಿಂದ ಒಂದು ಮೆಟ್ಟಿಲು ಎದ್ದಿತು.

ನೀನೂ ಅಂದು ಕೂಗಲಿಲ್ಲ.

ಯಂತ್ರವನ್ನು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಮತ್ತೆ ಕೂತೆ. ಮತ್ತೆ ಬಿದ್ದೆ. ಎಷ್ಟು ಬಾರಿ ಎಂಬುದು ವರದಿಗೆ ಸಂಬಂಧಿಸಿದ್ದಲ್ಲ.

ಮಾಳಿಗೆ. ಮುನಿದು ಹೋದ ಮೆಟ್ಟಿಲು ಅಲ್ಲಿಯೇ, ಕಾಲು ಮಡಿಚಿಕೊಂಡು, ಊರಿನ ಕಡೆ ಮುಖ ಮಾಡಿ ಕೂತಿದೆ. ಅದಕ್ಕೆ ಮುಖವಿಲ್ಲ, ಆದರೂ ಮುನಿಸು ಬೆನ್ನಿನಲ್ಲೇ ಕಾಣುತ್ತದೆ. ಇದು ಗುಣಗಳ ಸಾಲಿಗೆ ಸೇರತಕ್ಕದ್ದು. ಹುಡುಗಿ ಹತ್ತಿರ ಬಂದಾಗ ಅದು ತಿರುಗಿ ನೋಡುವುದಿಲ್ಲ, ಮಾತಾಡುವುದಿಲ್ಲ, ತುಸು ಸರಿದು ಕೂರಲು ಜಾಗ ಬಿಡುತ್ತದೆ. ಎದುರಿಗೆ ಬೀದಿಯ ಮಾಳಿಗೆಗಳೆಲ್ಲ ಒಂದಕ್ಕಿಂತ ಒಂದು ತುಸು ಎತ್ತರವಾಗಿ ಊರಿನ ಆಚೆಯವರೆಗೂ ಕಾಣುತ್ತವೆ. ನಾನು ಇಷ್ಟು ವರ್ಷ ಈ ಬೀದಿಯಲ್ಲಿದ್ದೇನೆ. ಅವು ಹಾಗಿವೆಯೆಂದು ತಿಳಿದಿರಲಿಲ್ಲ. ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಆ ಕೂತ ಮೆಟ್ಟಿಲನ್ನು ತೋರಿಸಿ, "ಥೇಟ್ ನೀನೇ ಕಣೋ" ಎಂದಳು. ಅವಳ ಕಣ್ಣು ಮೊದಲಿನಷ್ಟು ಚೆನ್ನಾಗಿಲ್ಲ.

ಒಂದು ಹೊಸ ದೋಷ: ಮಾಳಿಗೆಗೆ ಸುತ್ತುಗೋಡೆ ಇಲ್ಲ.

ಶಿಫಾರಸು. ಕೊನೆಯ ಕೋಣೆಯಲ್ಲಿ ಏಣಿ ಇಡತಕ್ಕದ್ದಲ್ಲ. ನಿಮ್ಮ ಯಜಮಾನರಿಗೆ ನನ್ನ ಹೆಸರಿನಲ್ಲಿಯೇ ಹೇಳು: ಏಣಿ ಇಟ್ಟರೆ ಆ ಕೋಣೆ ಸುಭದ್ರವಾಗುತ್ತದೆ, ಆದರೆ ಅದರ ಮೇಲೆ ಮಾಳಿಗೆ ಇರುವುದಿಲ್ಲ, ಬರಿಯ ಚಾವಣಿ ಇರುತ್ತದೆ. ಇದು ನನ್ನ ವೃತ್ತಿಯ ಅಭಿಪ್ರಾಯ. ಮಗಳೆಂದು ಹೇಳಿದ್ದಲ್ಲ.

ಅಂದು ಹಿತ್ತಿಲಿನಲ್ಲಿ ಒಡೆಸಿದ್ದು ಸರಿಯೆಂಬ ನನ್ನ ಮಾತು ಹಾಗೆಯೇ ಇದೆ. ಅದು ಬೇರೆ, ಇದು ಬೇರೆ. ಮಾಳಿಗೆಯ ಮೇಲಿನ ನೀರಿನ ತೊಟ್ಟಿ ಸೋರುತ್ತಿದೆ. ನೋಡಬೇಕೆಂದಾಗಲೆಲ್ಲ ಪಕ್ಕದವರ ಏಣಿ ಬೇಡಿ ತರುವುದು ಈ ವಯಸ್ಸಿನಲ್ಲಿ ಸುರಕ್ಷಿತವಲ್ಲ. ಆದ್ದರಿಂದ ಹಿತ್ತಿಲಿನಲ್ಲಿ ಮೆಟ್ಟಿಲು ಕಟ್ಟಿಸುತ್ತಿದ್ದೇನೆ. ಗಾರೆಯವರು ಜೂನ್ ಕೊನೆಗೆ ಬರುತ್ತಾರೆ. ಎರಡೂ ಬದಿಗೆ ಕೈಹಿಡಿ ಇರುತ್ತದೆ. ಈ ವಿಷಯದಲ್ಲಿ ವಾದ ಬೇಡ.

ನಿನ್ನ ಕಾಲು ಹೇಗಿದೆ? ಈ ಸಲ ಹೊಡೆದುಹಾಕಿಲ್ಲ.

ನಿನ್ನ ಅಪ್ಪ


ಜೂನ್ ೧೨

ಅಪ್ಪನಿಗೆ,

ಪೂರಕ ವರದಿಯನ್ನು ಯಜಮಾನರ ಮೇಜಿನ ಮೇಲೆ ಇಟ್ಟೆ. ಓದಿ, ಕನ್ನಡಕ ತೆಗೆದು, "ನಿಮ್ಮ ತಂದೆಯವರು ಮಾತು ಬದಲಿಸಿಬಿಟ್ರು" ಎಂದರು. ಬದಲಿಸಲಿಲ್ಲ, ಹತ್ತಿ ನೋಡಿದರು ಎಂದೆ. ನೀವು ಎಲ್ಲಿಯತನಕ ಆಡಿದ್ದೀರಿ ಎಂದು ಕೇಳಿದೆ. ಉಗ್ರಾಣದಲ್ಲಿ ಬೇಸರವಾಗಿ ಬಿಟ್ಟರಂತೆ. ಎಂದರೆ, ಮಾಳಿಗೆಯನ್ನು ಅವರು ಕಂಡೇ ಇಲ್ಲ; ಏಣಿ ಬೇಕೆಂಬುದು ಮಾತ್ರ ಗೊತ್ತು. ತೀರ್ಮಾನ ಬದಲಾಗಲಿಲ್ಲ. ಏಣಿ ಅಥವಾ ಬಾಗಿಲು ಎಂದರು. ನಾನು ಬಾಗಿಲು ತೆಗೆದೆ. ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿ ಬಂದೆ. ಈ ಎರಡು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

ಕೆಳಗೆ ಬೀದಿಗೆ ಬಂದು ತಿರುಗಿ ನೋಡಿದರೆ ಚಿತ್ರಗಾರ್ತಿ ತನ್ನ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಇಳಿಯುತ್ತಿದ್ದಳು. ಅವಳ ಹಿಂದೆ ಪಿಸುಮಾತು. "ಆ ಕಿವಿ ಇರೋರು ನಿಮ್ಮ ಕಡೆ ಇದಾರಲ್ಲ, ಅದಕ್ಕೆ" ಎಂದ. ಆಟ ನನ್ನದೇ, ಅದರ ಮೇಲೆ ಯಜಮಾನರಿಗೆ ಹಕ್ಕಿಲ್ಲ. ನಾವು ಮೂವರೂ ಒಂದು ಹೊಲಿಗೆಯಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಗಾಳಿ ಕಡಿಮೆ, ಹೊಲಿಗೆಯಂತ್ರದ ಸದ್ದು ಹೆಚ್ಚು. ನಾವೇ ಹೊರತರುತ್ತೇವೆ. ಎಷ್ಟು ಜನ ಕೊಳ್ಳುತ್ತಾರೋ ತಿಳಿಯದು. ಬೀಳಬಹುದು. ಬಿದ್ದರೆ ನೋಡೋಣ.

ಪೆಟ್ಟಿಗೆಯ ಬೆನ್ನಿಗೆ ಬೇರೆಯವರು ಹೊಗಳಿಕೆ ಅಚ್ಚು ಹಾಕಿಸುತ್ತಾರೆ. ನಾವು ನಿಮ್ಮ ವರದಿಯನ್ನು ಹಾಕಿಸುತ್ತಿದ್ದೇವೆ, ಪೂರ್ತಿಯಾಗಿ. ದೋಷ ಮೊದಲು, ಗುಣ ಆಮೇಲೆ. ಕೈಹಿಡಿ ಇಲ್ಲ, ಸುತ್ತುಗೋಡೆ ಇಲ್ಲ ಎಂಬುದನ್ನೂ ಬಿಟ್ಟಿಲ್ಲ. ಕೊಳ್ಳುವವರು ಎಲ್ಲವನ್ನೂ ತಿಳಿದುಕೊಂಡೇ ಹತ್ತಲಿ. ಅತ್ತೆಗೆ ಹೇಳಿ, ಬೆಕ್ಕಿನ ನೋಟವನ್ನು ಬದಲಿಸುವುದಿಲ್ಲ.

ಕಾಲು ಚೆನ್ನಾಗಿದೆ.

ಎರಡೂ ಬದಿಗೆ ಕೈಹಿಡಿ ಹಾಕಿಸಿ, ವಾದ ಮಾಡುವುದಿಲ್ಲ. ನಾನು ಹಿಡಿಯುವುದೂ ಇಲ್ಲ. ಜೂನ್ ಕೊನೆಯ ಭಾನುವಾರ ಎರಡು ಬಸ್ಸು ಹಿಡಿದು ಬರುತ್ತೇನೆ. ಅಷ್ಟರೊಳಗೆ ಗಾರೆಯವರು ಕೆಲಸ ಶುರುಮಾಡಿದರೆ ಅವರಿಗೆ ಒಂದು ಮಾತು ಹೇಳಿ. ಹಿತ್ತಿಲಿನಲ್ಲಿ ನಾನು ಬಿದ್ದ ಜಾಗ ನಿಮಗೆ ಚೆನ್ನಾಗಿ ಗೊತ್ತಿದೆ, ಕೇಳಬೇಕಾಗಿಲ್ಲ. ಮೊದಲ ಮೆಟ್ಟಿಲನ್ನು ಅಲ್ಲಿಂದಲೇ ಎಬ್ಬಿಸಲಿ.

ನಿಮ್ಮ ಪಕ್ಷದವಳಲ್ಲದ,
ಮಗಳು